ಇಲ್ಲದ ಯಂತ್ರಗಳೂ ಮಾನವಶಕ್ತಿಯ ಎಲ್ಲೆಗಳೂ

ಹಸಿದ ಪ್ರಾಣಿ ಆಹಾರವನ್ನು ಹುಡುಕುತ್ತದೆ. ಹಸಿದ ಮನುಷ್ಯನು ಆಹಾರವನ್ನು ಹುಡುಕುವುದರೊಡನೆ ಎಂದಿಗೂ ಬರಿದಾಗದ ಅಕ್ಷಯಪಾತ್ರೆಯನ್ನೂ ಕಲ್ಪಿಸಿಕೊಳ್ಳುತ್ತಾನೆ. ಕೇಳಿದ್ದನ್ನು ಕೊಡುವ ಕಾಮಧೇನು, ನೆನೆದದ್ದನ್ನು ಕರುಣಿಸುವ ಕಲ್ಪವೃಕ್ಷ, ಮುಟ್ಟಿದ ಕಬ್ಬಿಣವನ್ನು ಹೊನ್ನಾಗಿಸುವ ಪರುಷಮಣಿ, ಮಡಿದವರನ್ನು ಎಬ್ಬಿಸುವ ಸಂಜೀವಿನಿ, ಒಡೆಯನ ಇಚ್ಛೆಯನ್ನರಿತು ಸಂಚರಿಸುವ ಪುಷ್ಪಕವಿಮಾನ - ಈ ದೃಷ್ಟಿಯಿಂದ ಓದಿದರೆ ನಮ್ಮ ಪುರಾಣಗಳು ಮಾನವನ ಅಪೇಕ್ಷೆಗಳ ಒಂದು ದೊಡ್ಡ ಪಟ್ಟಿಯಂತೆ ಕಾಣುತ್ತವೆ. ಅರಬರ ಹಾರುವ ಜಮಖಾನೆ, ಗ್ರೀಕರ ಮೇಣದ ರೆಕ್ಕೆ, ಯುರೋಪಿನ ರಸವಾದಿಗಳು ತಲೆತಲಾಂತರದಿಂದ ಅರಸಿದ ಸ್ಪರ್ಶಶಿಲೆ ಇವುಗಳನ್ನು ನೆನೆದರೆ, ಈ ಪಟ್ಟಿಯನ್ನು ಬರೆಯದ ಜನಾಂಗವೇ ಭೂಮಿಯ ಮೇಲಿಲ್ಲವೆಂದು ಹೇಳಬೇಕಾಗುತ್ತದೆ.

ಇಂದಿನ ಮಕ್ಕಳೂ ಈ ಪಟ್ಟಿಯನ್ನು ಬರೆಯುತ್ತಲೇ ಇದ್ದಾರೆ. ಯಾವ ತರಗತಿಯಲ್ಲಾದರೂ ‘ನಿಮಗೆ ಎಂಥ ಯಂತ್ರ ಬೇಕು?’ ಎಂದು ಕೇಳಿ ನೋಡಬಹುದು. ಎಣ್ಣೆಯಿಲ್ಲದೆ ಓಡುವ ಗಾಡಿ, ಮಳೆ ಬರಿಸುವ ಯಂತ್ರ, ಓದದೆ ಪಾಠ ತಲೆಗೆ ಹತ್ತುವ ಗುಳಿಗೆ, ಮತ್ತೊಬ್ಬರ ಮನಸ್ಸನ್ನು ಓದುವ ಕನ್ನಡಕ ಎಂದು ಕೈಗಳು ಒಂದರ ಮೇಲೊಂದು ಏಳುತ್ತವೆ. ಈ ಅಪೇಕ್ಷೆಗಳನ್ನು ಹಿರಿಯರಾದ ನಾವು ಎರಡು ರೀತಿಯಿಂದ ಕೆಡಿಸುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಕೆಲವರು ‘ಇದೆಲ್ಲ ಹುಚ್ಚು ಕಲ್ಪನೆ, ಪರೀಕ್ಷೆಗೆ ಓದು’ ಎಂದು ಬಾಯಿ ಮುಚ್ಚಿಸುತ್ತಾರೆ. ಇನ್ನು ಕೆಲವರು ‘ಇವೆಲ್ಲ ನಮ್ಮ ಪೂರ್ವಜರಲ್ಲಿ ಆಗಲೇ ಇದ್ದವು’ ಎಂದು ಹೆಮ್ಮೆಯಿಂದ ಬೆನ್ನು ತಟ್ಟುತ್ತಾರೆ. ಒಬ್ಬರದು ತಿರಸ್ಕಾರ, ಮತ್ತೊಬ್ಬರದು ಅಭಿಮಾನ. ಆದರೆ ಎರಡರಿಂದಲೂ ವಿಚಾರ ಅಲ್ಲಿಗೇ ನಿಲ್ಲುತ್ತದೆ. ಬಯಸಿದ ವಸ್ತು ನಮಗೆ ಏಕೆ ದೊರೆತಿಲ್ಲ, ಅದಕ್ಕೆ ಅಡ್ಡಿಯಾಗಿರುವುದು ಯಾವುದು ಎಂಬ ಮೂರನೆಯ ಪ್ರಶ್ನೆಯನ್ನು ಮಗುವಿಗೆ ಕಲಿಸುವುದೇ ಶಾಲೆಯ ಕೆಲಸ. ಈ ಲೇಖನದ ಪ್ರತಿಪಾದನೆ ಇಷ್ಟೇ.

ಕಾಲ್ಪನಿಕ ಯಂತ್ರಗಳಲ್ಲೆಲ್ಲ ಅತ್ಯಂತ ಮೋಹಕವಾದುದು ತನ್ನಿಂದ ತಾನೇ ತಿರುಗುವ ಚಕ್ರ. 1114ರಲ್ಲಿ ಜನಿಸಿದ ಎರಡನೆಯ ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಅಂಥದೊಂದು ಚಕ್ರದ ವರ್ಣನೆಯಿದೆ. ಈ ಗಣಿತಜ್ಞನು ತನ್ನ ಊರೆಂದು ಹೇಳಿಕೊಂಡ ವಿಜ್ಜಡವಿಡವು ನಮ್ಮ ವಿಜಯಪುರವೇ ಎಂಬ ಮತವೂ, ಖಾನದೇಶದ ಕಡೆಯದೆಂಬ ಮತವೂ ವಿದ್ವಾಂಸರಲ್ಲಿವೆ. ಚಕ್ರಕ್ಕೆ ಟೊಳ್ಳಾದ ಅರೆಕಾಲುಗಳನ್ನು ಜೋಡಿಸಿ, ಅವುಗಳಲ್ಲಿ ಅರ್ಧದಷ್ಟು ಪಾದರಸವನ್ನು ತುಂಬಿ, ಬಾಯಿ ಮುಚ್ಚಿ, ಅಚ್ಚಿನ ಮೇಲೆ ನಿಲ್ಲಿಸಿದರೆ ಅದು ತಾನಾಗಿಯೇ ತಿರುಗುವುದೆಂದು ಅಲ್ಲಿ ಹೇಳಿದೆ. ಒಂದು ಮಗ್ಗುಲಲ್ಲಿ ಪಾದರಸವು ಅಂಚಿನ ಕಡೆಗೂ ಇನ್ನೊಂದು ಮಗ್ಗುಲಲ್ಲಿ ಅಚ್ಚಿನ ಕಡೆಗೂ ಸರಿಯುತ್ತದೆ; ಅಂಚಿನಲ್ಲಿರುವ ಭಾರವು ಹೆಚ್ಚು ಬಲವಾಗಿ ಕೆಳಗೆಳೆಯುತ್ತದೆ; ಆದುದರಿಂದ ಚಕ್ರವು ನಿಲ್ಲದೆ ತಿರುಗಬೇಕು ಎಂಬುದು ಇದರ ಹಿಂದಿನ ತರ್ಕ. ಕೇಳಲು ಎಷ್ಟು ಸಮಂಜಸವಾಗಿದೆ! ಈ ಕಲ್ಪನೆ ಭಾರತದಿಂದ ಅರಬರ ಮೂಲಕ ಯುರೋಪಿಗೆ ಸಾಗಿತೆಂದು ಕೆಲವು ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ. 13ನೆಯ ಶತಮಾನದ ಫ್ರಾನ್ಸಿನ ವಿಲಾರ್ ದ ಹೊನ್‌ಕೂರ್ ಎಂಬವನು ಇದೇ ಜಾತಿಯ ಚಕ್ರದ ಚಿತ್ರವನ್ನು ಬರೆದಿಟ್ಟಿದ್ದಾನೆ. ಅಲ್ಲಿಂದ ಮುಂದೆ ಐದು ನೂರು ವರ್ಷಗಳ ಕಾಲ ಬಡಗಿ, ಕಮ್ಮಾರ, ಗಡಿಯಾರದವ, ಪಾದ್ರಿ, ಪಂಡಿತ ಎಂಬ ಭೇದವಿಲ್ಲದೆ ಜನ ಈ ಚಕ್ರದ ಬೆನ್ನು ಹತ್ತಿದರು.

ಚಕ್ರ ತಿರುಗಲಿಲ್ಲ. ಏಕೆಂಬುದನ್ನು ಏಳನೆಯ ತರಗತಿಯ ಬಾಲಕನಿಗೂ ತಿಳಿಯುವಂತೆ ಹೇಳಬಹುದು. ಅಂಚಿನಲ್ಲಿರುವ ಭಾರದ ಎಳೆತ ಹೆಚ್ಚೆಂಬುದು ನಿಜ. ಆದರೆ ಒಂದು ಸುತ್ತು ಪೂರ್ತಿಯಾಗಬೇಕಾದರೆ ಕೆಳಗಿಳಿದ ಪ್ರತಿಯೊಂದು ತೊಟ್ಟೂ ಇಳಿದಷ್ಟೇ ಎತ್ತರಕ್ಕೆ ಮತ್ತೆ ಏರಬೇಕು. ಇಳಿಯುವಾಗ ಕೊಟ್ಟದ್ದನ್ನೆಲ್ಲ ಏರುವಾಗ ಅದು ಹಿಂದಕ್ಕೆ ಕೇಳುತ್ತದೆ. ಈ ಕೊಡು-ಕೊಳ್ಳುವಿಕೆಯ ನಡುವೆ ಅಚ್ಚಿನ ತಿಕ್ಕಾಟವು ಸುತ್ತು ಸುತ್ತಿಗೂ ತನ್ನ ಸುಂಕವನ್ನು ವಸೂಲು ಮಾಡುತ್ತದೆ. ಕೈಯಿಂದ ನೂಕಿದ ವೇಗವೆಲ್ಲ ಆ ಸುಂಕಕ್ಕೆ ಸಂದಾಯವಾದೊಡನೆ ಚಕ್ರ ನಿಲ್ಲುತ್ತದೆ.

ಈ ಸೋಲಿನಿಂದ ಮಾನವಕುಲಕ್ಕೆ ದೊರೆತ ಲಾಭವು ಯಾವ ಗೆಲುವಿನಿಂದಲೂ ದೊರೆಯುವಂಥದಾಗಿರಲಿಲ್ಲ. 1586ರಲ್ಲಿ ಹಾಲೆಂಡಿನ ಸೈಮನ್ ಸ್ಟೆವಿನ್ ಎಂಬ ಎಂಜಿನಿಯರನು ಎರಡು ಇಳಿಜಾರುಗಳ ಮೇಲೆ ಗುಂಡುಗಳ ಸರಪಣಿಯೊಂದನ್ನು ಹಾಸಿದಂತೆ ಕಲ್ಪಿಸಿಕೊಂಡ. ಆ ಸರಪಣಿ ಒಮ್ಮೆ ತಾನಾಗಿ ಚಲಿಸತೊಡಗಿದರೆ ಎಂದೆಂದಿಗೂ ಚಲಿಸುತ್ತಲೇ ಇರಬೇಕಾಗುತ್ತದೆ, ಅದು ಅಸಂಭವ, ಆದುದರಿಂದ ಅದು ಸ್ಥಿರವಾಗಿಯೇ ಇರಬೇಕು ಎಂದು ತರ್ಕಿಸಿ, ಅಷ್ಟರಿಂದಲೇ ಇಳಿಜಾರಿನ ಮೇಲೆ ಭಾರವೆಷ್ಟು ಬಲ ಬೀರುವುದೆಂಬ ನಿಯಮವನ್ನು ಕಂಡುಹಿಡಿದ. ‘ಆಗದು’ ಎಂಬ ಮಾತು ಅವನ ಕೈಯಲ್ಲಿ ಅಳತೆಗೋಲಾಯಿತು. 1775ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು ನಿರಂತರ ಚಲನೆಯ ಯಂತ್ರಗಳ ಬಗೆಗಿನ ಯಾವ ಮನವಿಯನ್ನೂ ಇನ್ನು ಪರಿಶೀಲಿಸುವುದಿಲ್ಲವೆಂದು ನಿರ್ಣಯಿಸಿತು. ಈ ಹುಡುಕಾಟ ಎಷ್ಟೋ ಕುಟುಂಬಗಳನ್ನು ಹಾಳುಮಾಡಿದೆ, ದೇಶಕ್ಕೆ ಉಪಯುಕ್ತರಾಗಬಹುದಾಗಿದ್ದ ಕುಶಲಕರ್ಮಿಗಳ ಹಣವನ್ನೂ ಆಯುಷ್ಯವನ್ನೂ ತಿಂದಿದೆ ಎಂಬ ಕಾರಣವನ್ನೂ ಅಕಾಡೆಮಿ ಕೊಟ್ಟಿತ್ತು. ಮುಂದೆ 1840ರ ದಶಕದಲ್ಲಿ ಮೇಯರ್, ಜೂಲ್, ಹೆಲ್ಮ್‌ಹೋಲ್ಟ್ಸ್ ಮೊದಲಾದವರು ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು, ಅದು ರೂಪಾಂತರ ಹೊಂದುವುದು ಮಾತ್ರವೆಂಬ ತತ್ತ್ವವನ್ನು ಸ್ಥಾಪಿಸಿದರು. ಇಂದಿನ ಭೌತವಿಜ್ಞಾನದ ಮೂಲಸ್ತಂಭವೊಂದು ಹೀಗೆ ತಿರುಗದ ಚಕ್ರದ ಪಕ್ಕದಲ್ಲಿಯೇ ಎದ್ದು ನಿಂತಿದೆ.

ಎಲ್ಲೆಯನ್ನು ಅರಿತವನು ಅದರೊಳಗೆ ಎಷ್ಟು ದೂರ ಹೋಗಬಲ್ಲನೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ಚಕ್ರಗಳನ್ನು ತಿರುಗಿಸತೊಡಗಿತು. ಅಲ್ಲಿ ಹುಟ್ಟಿದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಹರಿಯಿತು. ನೋಡುವವನ ಕಣ್ಣಿಗೆ ಅದು ಭಾಸ್ಕರನ ಕನಸೇ ನನಸಾದಂತೆ ಕಾಣಬಹುದು. ಬೆಂಕಿಯಿಲ್ಲ, ಎತ್ತಿಲ್ಲ, ಆಳಿಲ್ಲ, ಆದರೂ ಚಕ್ರ ತಿರುಗುತ್ತಲೇ ಇದೆ. ವಾಸ್ತವವಾಗಿ ಅಲ್ಲಿ ದುಡಿಯುತ್ತಿರುವವನು ಸೂರ್ಯ. ಸಮುದ್ರದ ನೀರನ್ನು ಆವಿಯಾಗಿಸಿ ಸಹ್ಯಾದ್ರಿಯ ನೆತ್ತಿಗೆ ಎತ್ತಿ ತರುವ ಕೂಲಿಯನ್ನು ಅವನು ಮಾಡುತ್ತಾನೆ. ನಾವು ಇಳಿಯುವ ನೀರಿನಿಂದ ಒಂದು ಪಾಲನ್ನು ಪಡೆಯುತ್ತೇವೆ. 2019ರ ಹೊತ್ತಿಗೆ 2050 ಮೆಗಾವಾಟ್ ಸಾಮರ್ಥ್ಯವನ್ನು ತಲುಪಿದ ಪಾವಗಡದ ಸೌರ ಸ್ಥಾವರದಲ್ಲಿ ಅದೇ ಸೂರ್ಯನಿಂದ ನೇರವಾಗಿ ವಿದ್ಯುತ್ತನ್ನು ಪಡೆಯುತ್ತಿದ್ದೇವೆ. ಮಳೆಯನ್ನು ಕಾಣದೆ ಸೊರಗಿದ ತಾಲ್ಲೂಕು ಬಿಸಿಲನ್ನೇ ಬೆಳೆಯಾಗಿ ಕೊಯ್ಯುವಂತಾಯಿತು. ಪುಕ್ಕಟೆ ಶಕ್ತಿ ಎಲ್ಲಿಯೂ ಇಲ್ಲವೆಂದು ಅರಿತವರೇ ಇವನ್ನು ಕಟ್ಟಲು ಸಾಧ್ಯವಾಯಿತು. ‘ಇಲ್ಲಿ ಕೂಲಿ ಮಾಡುವವರು ಯಾರು?’ ಎಂದು ಕೇಳುವ ಅಭ್ಯಾಸ ಅವರಿಗಿತ್ತು.

ಹಾಗೆಂದು ‘ಆಗದು’ ಎಂದವರೆಲ್ಲ ಪ್ರಾಜ್ಞರೆಂದು ತಿಳಿಯಬಾರದು. 1835ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಆಗಸ್ಟ್ ಕೋಂಟ್ ನಕ್ಷತ್ರಗಳು ಯಾವ ದ್ರವ್ಯಗಳಿಂದ ಆಗಿವೆಯೆಂಬುದನ್ನು ಮಾನವನು ಎಂದಿಗೂ ಅರಿಯಲಾರನೆಂದು ಬರೆದ. ಅಲ್ಲಿಗೆ ಹೋಗಿ ಒಂದು ಚೂರನ್ನು ತಂದು ಪರೀಕ್ಷಿಸುವಂತಿಲ್ಲವಾದ್ದರಿಂದ ಆ ಮಾತು ಸಯುಕ್ತಿಕವಾಗಿಯೇ ತೋರಿರಬೇಕು. ಇಪ್ಪತ್ತೈದು ವರ್ಷಗಳೊಳಗೆ ಕಿರ್ಖಾಫ್ ಮತ್ತು ಬುನ್ಸೆನ್ ಎಂಬ ಜರ್ಮನ್ ವಿಜ್ಞಾನಿಗಳು ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಪ್ರತಿಯೊಂದು ಮೂಲವಸ್ತುವೂ ಅದರಲ್ಲಿ ತನ್ನದೇ ಗೆರೆಗಳ ಸಹಿ ಹಾಕುತ್ತದೆಂದು ತೋರಿಸಿದರು. 1868ರ ಆಗಸ್ಟ್ 18ರಂದು ಸಂಭವಿಸಿದ ಸಂಪೂರ್ಣ ಸೂರ್ಯಗ್ರಹಣವನ್ನು ಆಂಧ್ರದ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ವೀಕ್ಷಿಸಿದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರನು ಸೂರ್ಯನ ಬೆಳಕಿನಲ್ಲಿ ಭೂಮಿಯ ಯಾವ ವಸ್ತುವಿಗೂ ಹೊಂದದ ಹಳದಿ ಗೆರೆಯೊಂದನ್ನು ಗುರುತಿಸಿ, ಅದು ಹೊಸದೊಂದು ಮೂಲವಸ್ತುವಿನದೆಂದು ಸಾರಿದ. ಹೀಲಿಯಂ ಎಂದು ಹೆಸರಾದ ಆ ವಸ್ತುವನ್ನು ಭೂಮಿಯ ಮೇಲೆ ರಾಮ್ಸೆ ಪ್ರತ್ಯೇಕಿಸಿದುದು 1895ರಲ್ಲಿ. ಎಂದಿಗೂ ತಿಳಿಯದೆಂದು ಹೇಳಿದ ನಕ್ಷತ್ರದಲ್ಲಿ ಮೊದಲು ಕಂಡು, ಅನಂತರ ಕಾಲ ಕೆಳಗಿನ ನೆಲದಲ್ಲಿ ದೊರೆತ ವಸ್ತು ಅದು!

ಹಾರಾಟದ ಕಥೆಯಂತೂ ಇನ್ನೂ ಬೋಧಪ್ರದವಾದುದು. ಇಟಲಿಯ ಬೊರೆಲ್ಲಿಯು ಪ್ರಾಣಿಗಳ ಚಲನೆಯನ್ನು ಕುರಿತು ಬರೆದ ಗ್ರಂಥವು ಅವನ ಮರಣಾನಂತರ 1680ರಲ್ಲಿ ಪ್ರಕಟವಾಯಿತು. ಹಕ್ಕಿಯ ಎದೆಯ ಸ್ನಾಯುಗಳು ಅದರ ದೇಹಭಾರಕ್ಕೆ ಹೋಲಿಸಿದರೆ ಎಷ್ಟು ಬಲವಾದವು, ಮನುಷ್ಯನವು ಎಷ್ಟು ದುರ್ಬಲ ಎಂದು ತೂಗಿ ನೋಡಿ, ತೋಳುಗಳಿಗೆ ರೆಕ್ಕೆ ಕಟ್ಟಿಕೊಂಡು ಮನುಷ್ಯ ಹಾರಲಾರನೆಂದು ಅವನು ತೀರ್ಮಾನಿಸಿದ. ಅದು ಸತ್ಯವೇ, ಇಂದಿಗೂ ಯಾರೂ ಹಾಗೆ ಹಾರಿಲ್ಲ. ಆದರೆ 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ಯಂತ್ರ 12 ಸೆಕೆಂಡುಗಳ ಕಾಲ ಹಾರಿ 120 ಅಡಿ ದೂರ ಸಾಗಿತು. ಹಾರುವ ಯಂತ್ರದ ಸಾಧ್ಯತೆಯ ಬಗ್ಗೆ ಖಗೋಳಜ್ಞ ಸೈಮನ್ ನ್ಯೂಕೋಂಬ್ ಪತ್ರಿಕೆಯೊಂದರಲ್ಲಿ ತೀವ್ರ ಸಂದೇಹ ವ್ಯಕ್ತಪಡಿಸಿ ಆಗ ಎರಡು ತಿಂಗಳೂ ಆಗಿದ್ದಿರಲಾರದು. ಮುಂದೆ 1979ರ ಜೂನ್ 12ರಂದು, ಎಂಜಿನ್ನಿನ ನೆರವೂ ಇಲ್ಲದೆ, ಬ್ರಯನ್ ಆ್ಯಲನ್ ಎಂಬ ತರುಣನು ಸೈಕಲ್ಲಿನಂತೆ ಪೆಡಲು ತುಳಿದು ಇಂಗ್ಲಿಷ್ ಕಡಲ್ಗಾಲುವೆಯನ್ನು ಗಾಳಿಯಲ್ಲಿ ದಾಟಿದ. ಪಾಲ್ ಮೆಕ್‌ಕ್ರೆಡಿ ರೂಪಿಸಿದ ಆ ವಿಮಾನದ ರೆಕ್ಕೆಗಳ ಹರವು ಸುಮಾರು 30 ಮೀಟರು. ತೂಕ ಸುಮಾರು 32 ಕಿಲೋಗ್ರಾಂ. ಸುಮಾರು 36 ಕಿಲೋಮೀಟರು ದೂರವನ್ನು ಅವನು 2 ಗಂಟೆ 49 ನಿಮಿಷಗಳಲ್ಲಿ ಕ್ರಮಿಸಿದ. ಬೊರೆಲ್ಲಿ ಗೆರೆ ಎಳೆದಲ್ಲಿ ಮೆಕ್‌ಕ್ರೆಡಿ ಅದನ್ನು ಅಳಿಸಲಿಲ್ಲ. ತೋಳಿನ ಬದಲು ತೊಡೆಯ ಬಲವನ್ನು ಬಳಸಿ, ಯಂತ್ರದ ಭಾರವನ್ನು ಮನುಷ್ಯನ ಭಾರದ ಸುಮಾರು ಅರ್ಧದಷ್ಟಕ್ಕೆ ಇಳಿಸಿ, ಆ ಗೆರೆಯ ಬದಿಯಿಂದ ದಾರಿ ಮಾಡಿಕೊಂಡ. ನಿಸರ್ಗವು ಹಾಕಿದ ಗೆರೆ ಯಾವುದು, ನಮ್ಮ ಅಜ್ಞಾನ ಹಾಕಿದ ಗೆರೆ ಯಾವುದು ಎಂಬ ವಿವೇಕವಿದ್ದವರಿಗೆ ಇಂಥ ದಾರಿ ಕಾಣುತ್ತದೆ.

ಈ ವಿವೇಕಕ್ಕೆ ಪೂರ್ವಾಭಿಮಾನವು ಅಡ್ಡ ಬರಬಾರದು. ‘ವೈಮಾನಿಕ ಶಾಸ್ತ್ರ’ವೆಂಬ ಗ್ರಂಥವನ್ನು ಭರದ್ವಾಜ ಮಹರ್ಷಿಗಳ ಕೃತಿಯೆಂದು ನಂಬಿ, ನಮ್ಮ ಪ್ರಾಚೀನರು ವಿಮಾನಗಳನ್ನು ಹಾರಿಸಿದ್ದರೆಂದು ವೇದಿಕೆಗಳ ಮೇಲಿನಿಂದ ಹೇಳುವವರು ಇಂದಿಗೂ ಕಡಿಮೆಯಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರಾದ ಎಚ್. ಎಸ್. ಮುಕುಂದ ಮತ್ತು ಅವರ ಸಂಗಡಿಗರು ಈ ಗ್ರಂಥವನ್ನು ಗೌರವದಿಂದಲೇ, ಆದರೆ ತಕ್ಕಡಿಯಲ್ಲಿಟ್ಟು ಪರೀಕ್ಷಿಸಿದರು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ಈ ಗ್ರಂಥವು 1904ಕ್ಕಿಂತ ಹಿಂದಿನದಲ್ಲವೆಂದೂ, ಅದರಲ್ಲಿ ವರ್ಣಿಸಿದ ವಿಮಾನಗಳಾವುವೂ ಹಾರಲಾರವೆಂದೂ ಅವರು ತೋರಿಸಿಕೊಟ್ಟರು. ಇದರಿಂದ ಭಾರತದ ಗೌರವಕ್ಕೆ ಕುಂದಾಯಿತೆಂದು ಭಾವಿಸಲು ಕಾರಣವಿಲ್ಲ. ಹಾರದ ವಿಮಾನವನ್ನು ಹಾರುತ್ತದೆಂದು ಹೊಗಳುವುದರಿಂದ ಯಾವ ಪೂರ್ವಜನ ಕೀರ್ತಿಯೂ ಬೆಳೆಯುವುದಿಲ್ಲ. ಭಾಸ್ಕರಾಚಾರ್ಯನ ಬೀಜಗಣಿತವು ಎಂಟುನೂರು ವರ್ಷಗಳ ಅನಂತರವೂ ಪರೀಕ್ಷೆಗೆ ನಿಲ್ಲುತ್ತದೆ. ಅವನ ಚಕ್ರ ನಿಲ್ಲುವುದಿಲ್ಲ. ಎರಡನ್ನೂ ಮಕ್ಕಳ ಮುಂದೆ ಇಟ್ಟು ಎರಡನ್ನೂ ಪರೀಕ್ಷಿಸಲು ಹೇಳುವ ಗುರುವೇ ಆ ಮಹಾಶಯನಿಗೆ ನಿಜವಾದ ಗೌರವವನ್ನು ಸಲ್ಲಿಸುತ್ತಾನೆ.

ಬಯಸಿದ್ದು ಬಯಸಿದ ರೂಪದಲ್ಲಿ ಬಾರದೆ ಬೇರೆ ವೇಷದಲ್ಲಿ ಬರುವುದೂ ಉಂಟು. ಸಂಜೀವಿನಿಯನ್ನು ನಾವು ಬೆಟ್ಟದ ತುದಿಯ ಹೊಳೆಯುವ ಮೂಲಿಕೆಯೆಂದು ಕಲ್ಪಿಸಿಕೊಂಡಿದ್ದೆವು. 1971ರ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ಎಂಬಲ್ಲಿಯ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ಲವಣದ್ರಾವಣ ಸಾಲದಾದಾಗ, ಡಾಕ್ಟರ್ ದಿಲೀಪ್ ಮಹಾಲನಬೀಸರು ಉಪ್ಪು, ಸೋಡ ಮತ್ತು ಗ್ಲೂಕೋಸನ್ನು ಅಳತೆಯಂತೆ ನೀರಿನಲ್ಲಿ ಕಲಸಿ ಕುಡಿಸುವ ವ್ಯವಸ್ಥೆ ಮಾಡಿದರು. ನೂರಕ್ಕೆ ಮೂವತ್ತರ ಸಮೀಪವಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಕರುಳಿನಲ್ಲಿ ಸಕ್ಕರೆಯ ಜೊತೆಗೂಡಿದಾಗ ಉಪ್ಪು ಸರಾಗವಾಗಿ ಒಳಸೇರುತ್ತದೆ, ಉಪ್ಪಿನ ಬೆನ್ನಿಗೆ ನೀರೂ ಸೇರುತ್ತದೆ ಎಂಬ ಶರೀರಧರ್ಮದ ಒಂದು ಚಿಕ್ಕ ಸತ್ಯವೇ ಇದರ ಗುಟ್ಟು. ಮರಣವನ್ನು ಗೆಲ್ಲುವ ಔಷಧವನ್ನು ಯಾರೂ ಕಂಡುಹಿಡಿದಿಲ್ಲ. ಅಕಾಲಮರಣವನ್ನು ತಡೆಯುವ ಔಷಧ ಅಡುಗೆಮನೆಯ ಡಬ್ಬಿಗಳಲ್ಲಿತ್ತು.

ಇಲ್ಲಿಯವರೆಗೆ ಹೇಳಿದ ಎರಡು ಎಲ್ಲೆಗಳಲ್ಲದೆ ಮೂರನೆಯದೊಂದಿದೆ; ಅದನ್ನು ಹಾಕಿಕೊಳ್ಳಬೇಕಾದವರು ನಾವೇ. ಪರರ ಮನಸ್ಸನ್ನು ಓದುವ ಯಂತ್ರ ಬೇಕೆಂಬ ಆಸೆ ಹಳೆಯದು. ಸುಳ್ಳುಪತ್ತೆಯ ಯಂತ್ರ, ಮಂಪರು ಪರೀಕ್ಷೆ, ಮಿದುಳಿನ ಸ್ಪಂದನಗಳ ಪರೀಕ್ಷೆ ಇವುಗಳನ್ನು ಆ ಆಸೆಯ ಅಪೂರ್ಣ ಶಿಶುಗಳೆನ್ನಬಹುದು. 2010ರ ಮೇ ತಿಂಗಳಲ್ಲಿ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಗಳನ್ನು ನಡೆಸಕೂಡದೆಂದು ತೀರ್ಪಿತ್ತಿತು. ಈ ಯಂತ್ರಗಳು ನಾಳೆ ಒಂದಿಷ್ಟೂ ತಪ್ಪದಂತೆ ಕೆಲಸಮಾಡಿದರೂ ಮನುಷ್ಯನ ಅಂತರಂಗದ ಬಾಗಿಲನ್ನು ಒದ್ದು ತೆರೆಯುವ ಹಕ್ಕು ಯಾರಿಗೂ ಇಲ್ಲವೆಂಬುದೇ ಆ ತೀರ್ಪಿನ ಸಾರವೆಂದು ನಾನು ತಿಳಿಯುತ್ತೇನೆ. ಮಾಡಲು ಬರುವುದನ್ನೆಲ್ಲ ಮಾಡದಿರುವ ಶಕ್ತಿಯೂ ಮಾನವಶಕ್ತಿಯೇ.

ಓದದೆ ಪಾಠ ತಲೆಗೆ ಹತ್ತಬೇಕೆಂಬ ಬಾಲಕನ ಬಯಕೆಯನ್ನೂ ಇಲ್ಲಿಯೇ ವಿಚಾರಿಸಬಹುದು. 2022ರ ಕೊನೆಯಿಂದೀಚೆಗೆ, ಕೇಳಿದ ವಿಷಯದ ಮೇಲೆ ಕ್ಷಣಾರ್ಧದಲ್ಲಿ ಪ್ರಬಂಧ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಸಾಮಾನ್ಯ ಜನರ ಕೈಗೂ ಬಂದಿವೆ. ಪ್ರಬಂಧವೇ ಗುರಿಯಾಗಿದ್ದರೆ ಬಯಕೆ ಈಡೇರಿತೆನ್ನಬೇಕು. ಆದರೆ ವಿದ್ಯಾರ್ಥಿಯು ಬರೆಯುವ ಪ್ರಬಂಧದಿಂದ ಲೋಕಕ್ಕೆ ಆಗಬೇಕಾದುದೇನೂ ಇಲ್ಲ. ಬರೆಯುವಾಗ ಅವನಲ್ಲಿ ಆಗುವ ಬದಲಾವಣೆಗಾಗಿಯೇ ನಾವು ಅದನ್ನು ಬರೆಸುತ್ತೇವೆ. ಗರಡಿಯಲ್ಲಿ ಕಲ್ಲುಗುಂಡನ್ನು ಮೇಲೆತ್ತುವುದು ಕಲ್ಲು ಮೇಲಿರಬೇಕೆಂದಲ್ಲವಷ್ಟೆ? ಅದನ್ನು ರಾಟೆಯಿಂದ ಎತ್ತಿಸಿದವನ ತೋಳು ಹೇಗಿತ್ತೋ ಹಾಗೆಯೇ ಉಳಿಯುತ್ತದೆ. ಎಣಿಕೆ, ಹುಡುಕಾಟ, ತಿದ್ದುವಿಕೆಗಳಲ್ಲಿ ಯಂತ್ರದ ನೆರವು ಪಡೆಯಲಿ. ತಿಳಿವಳಿಕೆಯ ಕೂಲಿಯನ್ನು ಮಾತ್ರ ಬೇರೆ ಯಾರೂ ಮಾಡಿಕೊಡಲಾರರು.

ನಾಲ್ಕನೆಯ ಎಲ್ಲೆಯನ್ನು ಹೇಳುವಾಗ ಮನಸ್ಸು ಭಾರವಾಗುತ್ತದೆ. ನಿಸರ್ಗ ತಡೆಯದ, ಜ್ಞಾನದ ಕೊರತೆಯಿಲ್ಲದ, ಧರ್ಮಕ್ಕೆ ವಿರೋಧವಲ್ಲದ ಯಂತ್ರವೂ ನಮ್ಮಲ್ಲಿ ಇಲ್ಲದಂತೆಯೇ ಇರುವುದುಂಟು. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ನಾಡಿನಲ್ಲಿ ನಿಷೇಧಿಸಿದರು. 1993ರಲ್ಲಿಯೂ 2013ರಲ್ಲಿಯೂ ಸಂಸತ್ತು ಇದಕ್ಕಾಗಿ ಶಾಸನಗಳನ್ನು ಮಾಡಿತು. ಒಳಚರಂಡಿಯಲ್ಲಿ ಮಡಿದವರ ಕುಟುಂಬಗಳಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಮನುಷ್ಯನು ಗುಂಡಿಗೆ ಇಳಿಯದೆ ಅದನ್ನು ಸ್ವಚ್ಛಗೊಳಿಸುವ ಹೀರುಯಂತ್ರಗಳು ಬಹುಕಾಲದಿಂದಲೂ ಇವೆ. 2018ರಲ್ಲಿ ಕೇರಳದ ತರುಣ ಎಂಜಿನಿಯರುಗಳು ‘ಬ್ಯಾಂಡಿಕೂಟ್’ ಎಂಬ ರೋಬೋಟನ್ನೇ ಈ ಕೆಲಸಕ್ಕಾಗಿ ನಿರ್ಮಿಸಿಕೊಟ್ಟಿದ್ದಾರೆ. ಇಷ್ಟಾದರೂ ವಿಷವಾಯುವಿಗೆ ಸಿಕ್ಕಿ ಕಾರ್ಮಿಕರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಚಂದ್ರನ ದಕ್ಷಿಣ ಧ್ರುವದ ಸಮೀಪಕ್ಕೆ 2023ರ ಆಗಸ್ಟ್ 23ರಂದು ಯಂತ್ರವನ್ನು ಮೆಲ್ಲಗೆ ಇಳಿಸಿದ ದೇಶವು ತನ್ನ ಬೀದಿಯ ಗುಂಡಿಗೆ ಮನುಷ್ಯನನ್ನು ಇಳಿಸುತ್ತಿದೆ. ಇಲ್ಲಿ ಅಡ್ಡಿಯಾಗಿರುವುದು ಭೌತವಿಜ್ಞಾನವೂ ಅಲ್ಲ, ಯಂತ್ರವಿಜ್ಞಾನವೂ ಅಲ್ಲ. ಇಳಿಯುವವನು ನಮ್ಮವನಲ್ಲವೆಂಬ ಭಾವನೆಯೇ ಅಡ್ಡಿ. ಕಾಯಕದ ಹಿರಿಮೆಯನ್ನು ನಿತ್ಯವೂ ಪ್ರಾರ್ಥನೆಯಲ್ಲಿ ಕೇಳುವ ಸಂಸ್ಥೆಯಲ್ಲಿ ಓದಿದವರು ಪುರಸಭೆಗಳಲ್ಲಿ ಸದಸ್ಯರಾಗಿ, ಎಂಜಿನಿಯರುಗಳಾಗಿ, ಗುತ್ತಿಗೆದಾರರಾಗಿ ಇದ್ದಾರೆ. ಈ ಎಲ್ಲೆಯನ್ನು ಕಿತ್ತೊಗೆಯುವುದು ಅವರ ಒಂದು ಸಹಿಯಿಂದ ಆಗಬಹುದಾದ ಕೆಲಸ.

ಈ ನಾಲ್ಕು ಎಲ್ಲೆಗಳ ವಿವೇಕವಿಲ್ಲದಿದ್ದರೆ ಆಗುವ ಹಾನಿ ಪಂಡಿತರ ಚರ್ಚೆಗೆ ಸೀಮಿತವಾದುದಲ್ಲ. ಅಕ್ಕಿಕಾಳನ್ನು ಸೆಳೆಯುವ ತಾಮ್ರದ ಚೊಂಬು ಕೋಟ್ಯಂತರ ಬೆಲೆಯುಳ್ಳದ್ದೆಂದು ನಂಬಿ ಹೊಲ ಮಾರಿದವರ ಕಥೆ ನಮ್ಮ ಊರುಗಳಲ್ಲಿ ಅಪರೂಪವೇನಲ್ಲ. ಮೀಟರು ಓಡದಂತೆ ವಿದ್ಯುತ್ತನ್ನು ಉಳಿಸುತ್ತದೆಂಬ ಪೆಟ್ಟಿಗೆ, ನೀರಿನಿಂದಲೇ ಓಡುತ್ತದೆಂಬ ಎಂಜಿನ್ನು ಸಂತೆಗೆ ಬಂದ ಹಾಗೆ ಬರುತ್ತಲೇ ಇರುತ್ತವೆ. ಅಂಗೈಯಲ್ಲಿ ತೆಂಗಿನಕಾಯಿ ನಿಂತಲ್ಲಿ ನೀರಿದೆಯೆಂದು ಕೊಳವೆಬಾವಿ ಕೊರೆಸಿ, ಅದು ಬತ್ತಿದಾಗ ಮತ್ತೊಂದು, ಅದೂ ಬತ್ತಿದಾಗ ಇನ್ನೊಂದು ಎಂದು ಸಾಲದಲ್ಲಿ ಮುಳುಗಿದ ರೈತನ ಮಗನೇ ನಮ್ಮ ಪ್ರಸಾದ ನಿಲಯದ ಪಂಕ್ತಿಯಲ್ಲಿ ಕುಳಿತಿರುತ್ತಾನೆ. ಪ್ಯಾರಿಸಿನ ಅಕಾಡೆಮಿ 1775ರಲ್ಲಿ ಹೇಳಿದ ಮನೆಹಾಳು ಮೋಹ ಇಂದಿಗೂ ಮನೆಗಳನ್ನು ಹಾಳುಮಾಡುತ್ತಿದೆ. ಆ ಹುಡುಗನು ಮನೆಗೆ ಹೋದಾಗ ‘ಅಪ್ಪಾ, ಈ ಯಂತ್ರಕ್ಕೆ ಕೂಲಿ ಮಾಡುವವರು ಯಾರು?’ ಎಂದು ಕೇಳಬಲ್ಲವನಾದರೆ, ಅಷ್ಟರಿಂದಲೇ ನಾವು ಕಲಿಸಿದ ವಿಜ್ಞಾನ ಸಾರ್ಥಕವಾಯಿತು.

ಇದನ್ನು ಸಾಧಿಸಲು ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಪ್ರತಿಯೊಂದು ತರಗತಿಯಲ್ಲಿಯೂ ‘ಬೇಕಾದ ಯಂತ್ರಗಳ ಪುಸ್ತಕ’ವೊಂದಿರಲಿ, ಮಕ್ಕಳು ತಮಗೆ ತೋಚಿದ್ದನ್ನು ಅದರಲ್ಲಿ ಬರೆಯಲಿ. ತಿಂಗಳಿಗೊಮ್ಮೆ ಅವುಗಳಲ್ಲಿ ಒಂದನ್ನು ಎತ್ತಿಕೊಂಡು, ಇದನ್ನು ತಡೆಯುತ್ತಿರುವುದು ನಿಸರ್ಗವೋ, ಅಜ್ಞಾನವೋ, ಧರ್ಮವೋ, ಉದಾಸೀನವೋ ಎಂದು ಗುರುಶಿಷ್ಯರು ಕೂಡಿ ವಿಚಾರಿಸಲಿ. ಹಳೆಯ ಸೈಕಲ್ ಚಕ್ರಕ್ಕೆ ನೀರಿನ ಶೀಶೆಗಳನ್ನು ಕಟ್ಟಿ ಭಾಸ್ಕರನ ಚಕ್ರವನ್ನು ಅವರೇ ಮಾಡಿ ನೋಡಲಿ. ಅದು ನಿಂತಾಗ ‘ಏಕೆ?’ ಎಂದು ಬರೆಯಲಿ. ಪರೀಕ್ಷೆಯಲ್ಲಿ ಅಂಕ ತರದ ಈ ಬರವಣಿಗೆ ಜೀವನದಲ್ಲಿ ಮೋಸಹೋಗದಂತೆ ಕಾಯುತ್ತದೆ. ಇದಕ್ಕೆ ಗುರುಗಳಿಗೆ ಬೇಕಾದುದು ವಾರಕ್ಕೆ ಒಂದು ಗಂಟೆಯ ಬಿಡುವು, ಮತ್ತು ಪಾಠ ಮುಗಿಯಲಿಲ್ಲವೆಂದು ಗದರಿಸದ ಆಡಳಿತ.

ದಾನಿಗಳಲ್ಲಿಯೂ ಒಂದು ವಿನಂತಿ. ಸಂಸ್ಥೆ ನಿಮ್ಮಿಂದಲೇ ಬೆಳೆದಿದೆ. ಕಟ್ಟಡಗಳ ಕಲ್ಲುಗಳ ಮೇಲೆ ನಿಮ್ಮ ಹಿರಿಯರ ಹೆಸರುಗಳು ಇವೆ, ಇರಬೇಕಾದುದೂ ನ್ಯಾಯವೇ. ಆದರೆ ಹೊಸ ಕಮಾನಿಗೆ ಕೊಡುವ ಹಣದಲ್ಲಿ ಒಂದು ಭಾಗವನ್ನು ಒಡೆಯುವ ಗಾಜಿನ ನಳಿಗೆಗೂ, ಮುರಿಯುವ ಗರಗಸಕ್ಕೂ, ಸುಟ್ಟುಹೋಗುವ ತಂತಿಗೂ ಕೊಡುವ ಮನಸ್ಸು ಮಾಡಿದರೆ ಮಕ್ಕಳ ಕೈಗೆ ಕಾರ್ಯಾಗಾರವೊಂದು ದೊರೆಯುತ್ತದೆ. ಅಲ್ಲಿ ಮುರಿದ ವಸ್ತುಗಳ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು. ಹೆಸರು ಉಳಿಯದ ದಾನವೇ ಹಿರಿದೆಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿರುವುದು ಸರ್ವವಿದಿತ.

ಹಳೆಯ ವಿದ್ಯಾರ್ಥಿಗಳು ತಾವಿರುವ ಕಚೇರಿ, ಕಾರ್ಖಾನೆ, ಆಸ್ಪತ್ರೆ, ಪಂಚಾಯತಿಗಳಲ್ಲಿ ಇದ್ದೂ ಬಳಕೆಗೆ ಬಾರದ ಯಾವ ಯಂತ್ರವಿದೆಯೆಂದು ಒಮ್ಮೆ ಸುತ್ತ ನೋಡಲಿ. ಅಕ್ಷಯಪಾತ್ರೆಯನ್ನು ತರಲು ಅವರಿಗೆ ಯಾರೂ ಹೇಳುವುದಿಲ್ಲ. ಉಗ್ರಾಣದಲ್ಲಿ ಬೀಗ ಹಾಕಿಟ್ಟ ಹೀರುಯಂತ್ರದ ಬೀಗವನ್ನು ತೆಗೆಯಿಸಿದರೆ ಸಾಕು, ಒಂದು ಮನೆಯ ದೀಪ ಉಳಿಯುತ್ತದೆ.